ಅಪ್ಪನನ್ನು ನೋಡಿಕೊಳ್ಳುವವರನ್ನು ಆರಿಸಬೇಕಾದವರು ಯಾರು?

ಅಪ್ಪನಿಗೆ ಲಕ್ವ ಹೊಡೆದು ಮೂರು ವರ್ಷವಾಯಿತು. ಬಲಗೈ, ಬಲಗಾಲು ಎರಡೂ ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ತೋಟದ ಯಾವ ಮರ ಎಷ್ಟು ಕಾಯಿ ಬಿಟ್ಟಿರಬಹುದು ಅಂತ ಮಂಚದಲ್ಲೇ ಮಲಗಿ ಲೆಕ್ಕ ಹೇಳುತ್ತಾರೆ.

ಅಮ್ಮನಿಗೆ ಅವರನ್ನು ಎತ್ತಿ ಕೂರಿಸುವ ಶಕ್ತಿಯಿಲ್ಲ. ನಾನು ಸುದ್ದಿ ಹುಡುಕಿಕೊಂಡು ತಾಲೂಕು ತಿರುಗುವವನು. ಹಾಗಾಗಿ ಮೊದಲ ವರ್ಷ ಪೇಟೆಯ ಒಂದು ಏಜೆನ್ಸಿಯಿಂದ ಹೋಂ ನರ್ಸ್ ಕರೆಸಿದೆ. ತಿಂಗಳಿಗೆ 18 ಸಾವಿರ, ಊಟ ವಸತಿ ನಮ್ಮದು. ನಾಲ್ಕು ತಿಂಗಳಲ್ಲಿ ಐದು ಹುಡುಗರು ಬದಲಾದರು. ಯಾರು ಬರುತ್ತಾರೆ ಅನ್ನೋದು ಅವರು ಬಸ್ಸಿಳಿದು ಫೋನ್ ಮಾಡಿದಾಗಲೇ ನಮಗೆ ಗೊತ್ತಾಗುತ್ತಿತ್ತು.

ಅಪ್ಪ ಬದುಕಿಡೀ ಬೆಳಗಿನ ಐದು ಗಂಟೆಗೆ ಸ್ನಾನ ಮಾಡಿದವರು. ಆ ಹುಡುಗರು ಒಂಬತ್ತಕ್ಕೆ ಮೈ ಒರೆಸುತ್ತಿದ್ದರು. ಒಂದು ದಿನ ಅಪ್ಪ ಎಡಗೈಯಿಂದ ಚೆಂಬು ತಳ್ಳಿ ನೀರೆಲ್ಲ ಚೆಲ್ಲಿಬಿಟ್ಟರು. ನಾನು ಅಪ್ಪನಿಗೇ ಬೈದೆ. "ಇಷ್ಟು ದುಡ್ಡು ಕೊಟ್ಟು ಜನ ಇಟ್ಟಿದ್ದೀನಿ, ಸುಮ್ನಿರಬಾರ್ದೇನಪ್ಪಾ?" ಅಂದೆ. ಅವರು ಏನೂ ಹೇಳದೆ ಗೋಡೆ ಕಡೆ ಮುಖ ತಿರುಗಿಸಿದರು.

ಅದೇ ವಾರ ಚಿಕ್ಕಪ್ಪನ ಮಗಳು ಮೆಲ್ಬರ್ನ್‌ನಿಂದ ಫೋನ್ ಮಾಡಿದಳು. ಓದಲು ಹೋದವಳು, ಅಲ್ಲಿ ಅಂಗವಿಕಲರಿಗೆ ನೆರವಾಗುವ ಕೆಲಸ ಮಾಡುತ್ತಾಳೆ.

"ಅಣ್ಣ, ಇವತ್ತು ನಂಗೆ ಇಂಟರ್‌ವ್ಯೂ ಇತ್ತು. ಮಾಡಿದ್ದು ಯಾವ ಕಂಪನಿಯೋರೂ ಅಲ್ಲ, ನಾನು ನೋಡ್ಕೋಬೇಕಾದ ಹುಡುಗನೇ."

ಅವನಿಗೆ 26 ವರ್ಷ, ವೀಲ್‌ಚೇರ್‌ನಲ್ಲಿ ಇರುವವನು. ಮೂರು ಪ್ರಶ್ನೆ ಕೇಳಿದನಂತೆ. ಹೇಳಿದ ಹೊತ್ತಿಗೆ ಬರ್ತೀಯಾ? ನನ್ನ ಕಾರು ಓಡಿಸ್ತೀಯಾ? ನನ್ನ ವಿಷಯ ಕೇಳುವಾಗ ನಮ್ಮಮ್ಮನ ಮುಖ ನೋಡ್ತೀಯೋ, ನನ್ನ ಮುಖ ನೋಡ್ತೀಯೋ?

ಮೂರನೇ ಪ್ರಶ್ನೆ ಕೇಳಿ ನನಗೆ ಗೋಡೆ ಕಡೆ ತಿರುಗಿದ ಅಪ್ಪನ ಬೆನ್ನು ಕಣ್ಣ ಮುಂದೆ ಬಂತು.

ಆ ಹುಡುಗನಿಗೆ ಆ ಅಧಿಕಾರ ಎಲ್ಲಿಂದ ಬಂತು ಅಂತ ಆಮೇಲೆ ಓದಿ ತಿಳಿದುಕೊಂಡೆ. ಆಸ್ಟ್ರೇಲಿಯಾದಲ್ಲಿ ಹಿಂದೆ ಸರ್ಕಾರಗಳು ಸೇವಾ ಸಂಸ್ಥೆಗಳಿಗೆ ಒಟ್ಟಿಗೆ ಅನುದಾನ ಕೊಡುತ್ತಿದ್ದವು. ಸಂಸ್ಥೆ ಕೊಟ್ಟ ಸೇವೆಯನ್ನು, ಕೊಟ್ಟ ಹೊತ್ತಿಗೆ ತೆಗೆದುಕೊಳ್ಳಬೇಕಿತ್ತು. 2013ರಲ್ಲಿ ಅಲ್ಲಿ ರಾಷ್ಟ್ರೀಯ ಅಂಗವಿಕಲತೆ ವಿಮಾ ಯೋಜನೆಗೆ ಕಾನೂನು ಬಂತು. ಜನ ಅದನ್ನು ಎನ್‌ಡಿಐಎಸ್ ಅನ್ನುತ್ತಾರೆ. ಈಗ ಒಬ್ಬೊಬ್ಬರ ಅಗತ್ಯ ನೋಡಿ ಅವರವರ ಹೆಸರಿಗೇ ವರ್ಷದ ಹಣ ಗೊತ್ತುಮಾಡುತ್ತಾರೆ. ಅದರಿಂದ ಯಾರ ಸೇವೆ ಪಡೆಯಬೇಕು ಅನ್ನೋದು ಅವರಿಗೇ ಬಿಟ್ಟಿದ್ದು. 2024ರ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜನ ಇದರಲ್ಲಿದ್ದರು.

ನಮಗೆ ಅರ್ಥವಾಗುವಂತೆ ಹೇಳಬೇಕೆಂದರೆ, 2023ರಲ್ಲಿ ನಮ್ಮ ಸರ್ಕಾರ 5 ಕೆಜಿ ಅಕ್ಕಿ ಬದಲು ತಲೆಗೆ 170 ರೂಪಾಯಿ ಖಾತೆಗೆ ಹಾಕಿತಲ್ಲ, ಹಾಗೆ. ಅಕ್ಕಿ ಬಂದರೆ ಸೊಸೈಟಿಯಲ್ಲಿ ಕೊಟ್ಟಿದ್ದೇ ಅಕ್ಕಿ. ದುಡ್ಡು ಬಂದರೆ ಅಂಗಡಿ ನಮ್ಮ ಇಷ್ಟ.

ದುಡ್ಡು ಹೋಗುವ ದಾರಿ ಬದಲಾದ ಕೂಡಲೇ ಸೇವೆ ಕೊಡುವವರ ಸಂತೆಯೇ ಬದಲಾಯಿತು. ವರ್ಷವರ್ಷ ಅನುದಾನ ನಂಬಿಕೊಂಡಿದ್ದ ಹಳೇ ಸಂಸ್ಥೆಗಳು ಗಂಟೆ ಲೆಕ್ಕದಲ್ಲಿ ಬಿಲ್ ಮಾಡಿ ಗಿರಾಕಿ ಉಳಿಸಿಕೊಳ್ಳಬೇಕಾಯಿತು. ಸಣ್ಣ ಸಣ್ಣ ಕಂಪನಿಗಳು, ಒಬ್ಬಂಟಿಯಾಗಿ ದುಡಿಯುವವರು, ಕೆಲಸಗಾರರನ್ನು ಹುಡುಕಿಕೊಡುವ ಆ್ಯಪ್‌ಗಳು ಹುಟ್ಟಿಕೊಂಡವು. ಹಣದ ಲೆಕ್ಕ ನೋಡಿಕೊಳ್ಳುವವರು, ಯಾವ ಸೇವೆ ಎಲ್ಲಿ ಸಿಗುತ್ತದೆ ಅಂತ ದಾರಿ ತೋರಿಸುವವರು, ಇವರದ್ದೇ ಒಂದು ಹೊಸ ಕಸುಬಾಯಿತು.

ಬೆಲೆಗೆ ಸರ್ಕಾರವೇ ಮಿತಿ ಹಾಕಿದೆ. 2024-25ರಲ್ಲಿ ವಾರದ ದಿನ ಹಗಲು ಹೊತ್ತಿನ ಸಾಮಾನ್ಯ ಆರೈಕೆಗೆ ಗಂಟೆಗೆ ಸುಮಾರು 67 ಡಾಲರ್. ನಮ್ಮ ಲೆಕ್ಕದಲ್ಲಿ ಮೂರೂವರೆ ಸಾವಿರ ರೂಪಾಯಿ ದಾಟುತ್ತದೆ. ನಾನು ಬಾಯಿ ಬಿಟ್ಟೆ. ತಂಗಿ ನಕ್ಕಳು. "ಅದೆಲ್ಲಾ ನನ್ ಕೈಗೆ ಬರುತ್ತಾ ಅಣ್ಣ? ಕಂಪನಿ ಖರ್ಚು ಹಿಡ್ಕೊಂಡು ಮಿಕ್ಕಿದ್ದು ಕೊಡ್ತಾರೆ. ಅವ್ರು ಬೇಡ ಅಂದ್ರೆ ಮುಂದಿನ ವಾರ ಕೆಲಸಾನೇ ಇರಲ್ಲ. ಬೆಳಿಗ್ಗೆ ಎರಡು ಗಂಟೆ ಒಂದು ಮನೆ, ಸಂಜೆ ಎರಡು ಗಂಟೆ ಇನ್ನೊಂದು ಮನೆ. ಮಧ್ಯ ರೈಲಲ್ಲೇ ಕೂತಿರ್ತೀನಿ."

ಇದು ನನಗೆ ಬೇಗ ಅರ್ಥವಾಯಿತು. ನಾನೂ ಹಾಗೇ ತಾನೇ? ಸುದ್ದಿ ಅಚ್ಚಾದರೆ ದುಡ್ಡು, ಇಲ್ಲದಿದ್ದರೆ ಪೆಟ್ರೋಲ್ ಕೈಯಿಂದ.

ಮೋಸಗಾರರೂ ಈ ಸಂತೆಗೆ ಬಂದರು. ಮಾಡದ ಕೆಲಸಕ್ಕೆ ಬಿಲ್, ಒಂದು ಗಂಟೆಗೆ ಮೂರು ಗಂಟೆಯ ಬಿಲ್. ಸೇವೆಯ ಗುಣಮಟ್ಟ ನೋಡಲು 2018ರಲ್ಲಿ ಪ್ರತ್ಯೇಕ ಆಯೋಗ ಶುರುವಾಯಿತು. 2022ರಲ್ಲಿ ವಂಚನೆ ಹಿಡಿಯಲೆಂದೇ ಒಂದು ಕಾರ್ಯಪಡೆ ಮಾಡಿದರು.

ಇದೆಲ್ಲ ನಗರದ ಮಾತಾಯಿತು. ಆ ದೇಶದ ಒಳನಾಡಿನಲ್ಲಿ ಊರಿಂದ ಊರಿಗೆ ನೂರಾರು ಕಿಲೋಮೀಟರ್. ಅಲ್ಲಿಗೆ ಹೋಗುವವರಿಗೆ ಬೆಲೆಯ ಮಿತಿಯನ್ನು ಶೇ. 40, ತೀರಾ ದೂರವಾದರೆ ಶೇ. 50 ಹೆಚ್ಚಿಗೆ ಇಟ್ಟಿದ್ದಾರೆ. ಆದರೂ ಎಷ್ಟೋ ಕಡೆ ಜನ ಸಿಗುವುದಿಲ್ಲ. ಹೆಸರಿನಲ್ಲಿ ಹಣ ಇರುತ್ತದೆ, ಖರ್ಚಾಗದೆ ಉಳಿಯುತ್ತದೆ. ತಿಪಟೂರಿನ ಕೊಬ್ಬರಿ ಹರಾಜಿಗೆ ಒಬ್ಬನೇ ವರ್ತಕ ಬಂದ ಅಂತಿಟ್ಟುಕೊಳ್ಳಿ. ಅದನ್ನು ಮಾರುಕಟ್ಟೆ ಅಂತೀರಾ? ಆರಿಸಿಕೊಳ್ಳಲು ಕೈಯಲ್ಲಿ ದುಡ್ಡಿದ್ದರೆ ಸಾಲದು, ಎದುರಿಗೆ ಇಬ್ಬರಾದರೂ ಇರಬೇಕು.

ನಮ್ಮಲ್ಲಂತೂ ಎರಡೂ ಕಮ್ಮಿ. ಅಂಗವಿಕಲತೆ ಶೇ. 75 ದಾಟಿದವರಿಗೆ ಮಾಸಾಶನ 1,400 ರೂಪಾಯಿ. ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡುವ ಮಾತು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಇದೆ. ಆದರೆ ನಮ್ಮ ಕಡೆ ಆರೈಕೆ ಅಂದರೆ ಇವತ್ತಿಗೂ ಹೆಂಡತಿ, ಸೊಸೆ, ಮಗಳು. ಅವರಿಗೆ ಸಂಬಳವೂ ಇಲ್ಲ, ರಜೆಯೂ ಇಲ್ಲ.

ಆದರೂ ತಂಗಿಯ ಫೋನ್ ಬಂದ ಮೇಲೆ ನಾನು ಎರಡು ಕೆಲಸ ಮಾಡಿದೆ. ಐದನೇ ಹುಡುಗನನ್ನು ಕೂರಿಸಿ "ನಿನ್ನ ಕೈಗೆ ಎಷ್ಟು ಬರುತ್ತಪ್ಪ?" ಅಂತ ಕೇಳಿದೆ. 11 ಸಾವಿರ ಅಂದ. ನಾನು ಕೊಡುತ್ತಿದ್ದ 18ರಲ್ಲಿ ಏಳು ಸಾವಿರ ಏಜೆನ್ಸಿಗೆ. ಊರವರನ್ನೆಲ್ಲ ಪ್ರಶ್ನೆ ಕೇಳುವ ನಾನು ಈ ಒಂದು ಪ್ರಶ್ನೆಯನ್ನು ನಾಲ್ಕು ತಿಂಗಳು ಕೇಳಿರಲಿಲ್ಲ.

ಎರಡನೆಯದು, ಅಪ್ಪನ ಮಂಚದ ಮೇಲೆ ಕೂತು, ಅವರ ಮುಖ ನೋಡಿ ಕೇಳಿದೆ. "ಅಪ್ಪಾ, ಯಾರು ಬಂದ್ರೆ ನಿಂಗೆ ಸರಿ ಹೋಗುತ್ತೆ?"

ತೊದಲುತ್ತಾ ಹಿಂದಿನ ಬೀದಿಯವನ ಹೆಸರು ಹೇಳಿದರು. ಹದಿನೈದು ವರ್ಷ ನಮ್ಮ ತೋಟದಲ್ಲಿ ಕಾಯಿ ಸುಲಿದವನು. ತರಬೇತಿಯಿಲ್ಲ, ಸರ್ಟಿಫಿಕೇಟ್ ಇಲ್ಲ. ನನ್ನ ಪಟ್ಟಿಯಲ್ಲಿ ಅವನು ಬರುತ್ತಲೇ ಇರಲಿಲ್ಲ. ತಾಲೂಕು ಆಸ್ಪತ್ರೆಯ ಫಿಸಿಯೋಥೆರಪಿಯವರು ಎತ್ತಿ ಕೂರಿಸುವುದು, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವುದು ಎರಡನ್ನೂ ಅವನಿಗೆ ಕಲಿಸಿಕೊಟ್ಟರು. ಈಗ ತಿಂಗಳಿಗೆ 13 ಸಾವಿರ ನೇರ ಅವನ ಕೈಗೆ. ಬೆಳಗಿನ ಐದಕ್ಕೆ ನಮ್ಮ ಬಚ್ಚಲಲ್ಲಿ ನೀರಿನ ಸದ್ದು ಕೇಳುತ್ತದೆ.

ಎಲ್ಲ ಸರಿಹೋಯಿತು ಅಂತಲ್ಲ. ಕಳೆದ ತಿಂಗಳು ಅವನಿಗೆ ನಾಲ್ಕು ದಿನ ಜ್ವರ. ಏಜೆನ್ಸಿಯಾಗಿದ್ದರೆ ಬದಲಿ ಕಳಿಸುತ್ತಿತ್ತು, ಅದನ್ನು ಒಪ್ಪಲೇಬೇಕು. ನಮಗೆ ಬದಲಿ ಯಾರೂ ಇಲ್ಲ. ನಾಲ್ಕು ದಿನ ನಾನೇ ಸ್ನಾನ ಮಾಡಿಸಿದೆ, ಒಂದು ಪತ್ರಿಕಾಗೋಷ್ಠಿಯೂ ತಪ್ಪಿತು.

ಸಂಬಳದ ದಿನ ನಾಲ್ಕು ದಿನದ ದುಡ್ಡು ಹಿಡಿಯೋಣವೇ ಅಂತ ಯೋಚಿಸುತ್ತಾ ಕೂತೆ. ನನಗೆ ಜ್ವರ ಬಂದ ದಿನ ಯಾವ ಪತ್ರಿಕೆಯೂ ದುಡ್ಡು ಕೊಡುವುದಿಲ್ಲ. ಹಾಗಂತ ನಾನೂ ಹಾಗೇ ಮಾಡಬೇಕಾ? ಅಪ್ಪ ಮಂಚದಿಂದ ನನ್ನನ್ನೇ ನೋಡುತ್ತಿದ್ದರು.

"ಪೂರ್ತಿ ಕೊಡು" ಅಂದರು. ಈ ಸಲ ಮಾತು ತೊದಲಲಿಲ್ಲ.

ಕೊಟ್ಟೆ. ನಿಮ್ಮ ಮನೆಯಲ್ಲೂ ಮಂಚ ಹಿಡಿದವರಿದ್ದರೆ, ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಅಂತ ಒಮ್ಮೆ ಅವರನ್ನೇ ಕೇಳಿ ನೋಡಿ. ಬರುವವರನ್ನೂ ಕೇಳಿ, ಕೈಗೆ ಎಷ್ಟು ಸಿಗುತ್ತೆ ಅಂತ.