ಸಿಡಿಲಪಡಿಗೆ ಹೋದದ್ದು

ಅಪ್ಪ ಮೂವತ್ತು ವರ್ಷ ಕಲ್ಲು ಒಡೆದವ. ಶಿಗ್ಗಾವಿ ಕಡೆಯ ಒಂದು ಖಣಿಯಲ್ಲಿ ಹಿಡಿದ ಸುತ್ತಿಗೆಯನ್ನು ಎದೆ ಕೆಟ್ಟ ಮೇಲೆಯೇ ಕೆಳಗಿಟ್ಟ. ಅಂಥವನನ್ನು ಕಲ್ಲು ತೋರಿಸಲು ಕರೆದುಕೊಂಡು ಹೋದೆ ಎಂದರೆ ನೀವು ನಗಬಹುದು. ಅವ್ವನೂ ನಕ್ಕಳು. "ಜಲ್ಮ ಪೂರ್ತಿ ಕಲ್ಲ ನೋಡ್ಯಾನ, ಮತ್ತ್ಯಾಕೋ ಕಲ್ಲು?" ಅಂದಳು. ಆದರೂ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದಳು.

ಸವಣೂರಿನಿಂದ ಲಕ್ಷ್ಮೇಶ್ವರದ ಮೇಲೆ ಗದಗ, ಅಲ್ಲಿಂದ ರೈಲಿನಲ್ಲಿ ಬಾದಾಮಿ. ಬಂದವರೆಲ್ಲ ಚಾಲುಕ್ಯರ ಗುಹೆ ನೋಡಿ ತಿರುಗಿ ಹೋಗುತ್ತಾರೆ. ನಾವು ಹೊರಟದ್ದು ಊರಿನಿಂದ ಸುಮಾರು ನಾಲ್ಕು ಕಿಲೋಮೀಟರ್ ದೂರ, ಕುರುಚಲು ಕಾಡಿನ ಗುಡ್ಡದೊಳಗಿರುವ ಸಿಡಿಲಪಡಿಗೆ. ಮೂರನೆಯ ಗುಹೆಯಲ್ಲಿ 578ರ ಶಾಸನವಿದೆ, ಮಂಗಳೇಶನ ಹೆಸರಿದೆ. ಸಿಡಿಲಪಡಿಯನ್ನು ಯಾವ ಅರಸನೂ ಮಾಡಿಸಿಲ್ಲ. ಎರಡು ದೊಡ್ಡ ಬಂಡೆಗಳ ನಡುವೆ ತಾನಾಗಿ ಆದ ಕಲ್ಲಿನ ಕಮಾನು ಅದು.

ಸಣ್ಣ ಹುಡುಗರೂ ನಡೆಯುವ ದಾರಿ. ಮಗಳು ಓಡಿದಳು. ಅಪ್ಪ ನೂರು ಹೆಜ್ಜೆಗೊಮ್ಮೆ ಕುಂತ. ಮೊದಲು ಟಿಬಿ ಎಂದು ಎರಡು ಸಲ ಗುಳಿಗೆ ನುಂಗಿಸಿದರು. ಆಮೇಲೆ ಒಬ್ಬ ಡಾಕ್ಟರು ಫೋಟೋ ಹಿಡಿದು, "ಕಲ್ಲಿನ ಧೂಳು ಕುಂತೈತಿ, ಹೋಗೂದಿಲ್ಲ" ಅಂದರು. ಸಿಲಿಕೋಸಿಸ್. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಈ ರೋಗ ಇತ್ತು. ಖಣಿಯ ಹಾಜರಿ ಪುಸ್ತಕದಲ್ಲಿ ಅಪ್ಪನ ಹೆಸರು ಇರಲಿಲ್ಲ.

ಕಮಾನಿನ ಕೆಳಗೆ ತಂಪು. ಮೇಲಿನ ದೊಡ್ಡ ತೂತುಗಳಿಂದ ಬೆಳಕು ಇಳಿಯುತ್ತಿತ್ತು. ಸಿಡಿಲು ಬಡಿದು ಆದ ತೂತು ಎಂದು ಜನ ಹೇಳುತ್ತಾರೆ, ಹೆಸರೂ ಅದರಿಂದಲೇ. ಚರಿತ್ರೆಗೂ ಹಿಂದಿನ ಜನ ಇಲ್ಲಿ ಮಳೆ ಬಿಸಿಲಿಗೆ ಆಸರೆ ಪಡೆದಿದ್ದರು. ಅವರು ಬರೆದ ಚಿತ್ರಗಳನ್ನು ಮಗಳು ಹುಡುಕುತ್ತಿದ್ದಳು. ಅಪ್ಪ ಚಿತ್ರ ನೋಡಲಿಲ್ಲ. ಬೆರಳಗಂಟಿನಿಂದ ಬಂಡೆ ತಟ್ಟಿ ಕಿವಿಗೊಟ್ಟ.

"ಉಸುಕಿನ ಕಲ್ಲು. ನೀರು ಗಾಳಿ ತಿಂದಾವು. ಸಿಡ್ಲಲ್ಲ."

ನಾನು ಓದಿದ್ದನ್ನು ಹೇಳಿದೆ. ಇಂಥ ಉಸುಕಿನ ಕಲ್ಲಿನ ಮೇಲೆ ವಿಜ್ಞಾನಿಗಳು ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದ್ದಾರೆ: ಭಾರ ಬಿದ್ದ ಕಡೆ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ, ಭಾರವಿಲ್ಲದವು ಉದುರುತ್ತವೆ, ಉಳಿದದ್ದೇ ಕಮಾನು.

"ಅದಕ್ಕ ಓದಬೇಕೇನು?" ಅಂದ ಅಪ್ಪ. "ಹೊತ್ತ ಕಲ್ಲು ಗಟ್ಟಿ."

ಅವ್ವ ಬುತ್ತಿ ಬಿಚ್ಚುತ್ತ ಅಂದಳು, "ನೀನೂ ಹೊತ್ತೀ. ಗಟ್ಟಿ ಆದೇನು?"

ಅಪ್ಪನಿಗೆ ಕೆಮ್ಮು ಬಂತು. ಬಂಡೆಯೊಳಗೆ ಅದು ದೊಡ್ಡದಾಗಿ ಕೇಳಿತು. ಮಗಳು ಆಟವೆಂದು ತಿಳಿದು ತಾನೂ ಕೆಮ್ಮಿದಳು. ನಾನು ಗದರಿಸಹೋದೆ. ಅಪ್ಪ ಕೈಸನ್ನೆಯಿಂದ ಬ್ಯಾಡ ಅಂದ.

ಅಮೆರಿಕದ ಯೂಟಾದ ಮರುಭೂಮಿಯಲ್ಲಿ ಇಂಥ ಕಮಾನುಗಳಿಗಾಗಿಯೇ ಒಂದು ರಾಷ್ಟ್ರೀಯ ಉದ್ಯಾನವಿದೆ. 2008ರಲ್ಲಿ ಅಲ್ಲಿಯ ಒಂದು ಕಮಾನು ರಾತ್ರಿ ಕುಸಿದು ಬಿತ್ತು. ಅದು ದೇಶ ದೇಶದ ಪತ್ರಿಕೆಗಳಲ್ಲಿ ಬಂತು. ಅಪ್ಪನ ಜೋಡಿ ಕಲ್ಲು ಒಡೆದವರು ಒಬ್ಬೊಬ್ಬರೇ ಹೋದರು. ಎಲ್ಲಿಯೂ ಬರಲಿಲ್ಲ. ಈ ಮಾತನ್ನೂ ಅಪ್ಪನಿಗೆ ಹೇಳಿದೆ.

ರೊಟ್ಟಿ ತಿಂದು ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಪೆನ್ನ ಐತೇನು? ಬರ್ಕೊ" ಅಂದ.

ಮಗಳ ಚಿತ್ರದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಹಾನಗಲ್ಲ ಕಡೆಯವರು ಮೂವರು, ಹಿರೇಕೆರೂರಿನ ಅಣ್ಣ ತಮ್ಮ, ಉಳಿದವರು ಶಿಗ್ಗಾವಿ, ಸವಣೂರಿನವರು. ಉಸಿರು ಹಿಡಿದಾಗ ನಿಲ್ಲಿಸಿ, ಮತ್ತೆ ನೆನಪು ಮಾಡಿಕೊಂಡು ಹೇಳಿದ. ಹದಿನಾಲ್ಕು ಹೆಸರು. ಒಂಬತ್ತು ಮಂದಿ ಈಗಿಲ್ಲ. ತನ್ನ ಹೆಸರು ಹೇಳಲು ಮರೆತಿದ್ದ, ಅವ್ವ ಬರೆಸಿದಳು.

ಆ ಹಾಳೆ ನನ್ನ ಹತ್ತಿರ ಇದೆ. ಸೋಮವಾರ ಅದನ್ನು ಹಿಡಿದುಕೊಂಡು ಹಾವೇರಿಗೆ ಹೋಗುವವನಿದ್ದೇನೆ.