ಟಕ್ ಟಕ್ ಕಾರು

ಮೊನ್ನೆ ಹೆಬ್ಬಾಳ ಫ್ಲೈಓವರ್ ಮೇಲೆ ಅಪ್ಪನ ಜೊತೆ ಮುಕ್ಕಾಲು ಗಂಟೆ ಸಿಕ್ಕಿಹಾಕಿಕೊಂಡಿದ್ದೆ. ಸುಮ್ಮನೆ ಕೂತಿದ್ದ ಅಪ್ಪ ಇದ್ದಕ್ಕಿದ್ದಂತೆ, "ನಮ್ ಡಾಲ್ಫಿನ್ ಆಗಿದ್ರೆ ಸಂದೀಲಿ ನುಗ್ಗಿಸ್ಬಿಡ್ತಿದ್ದೆ" ಅಂದರು. ನನ್ನ ಎದೆ ಚುರುಕ್ ಅಂತು.

ಸಿಪಾನಿ ಡಾಲ್ಫಿನ್! ಈಗಿನ ಮಕ್ಕಳಿಗೆ ಹೆಸರೂ ಗೊತ್ತಿರಲಿಕ್ಕಿಲ್ಲ. 1980ರ ದಶಕದ ಆರಂಭದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾಗುತ್ತಿದ್ದ ಎರಡು ಬಾಗಿಲಿನ ಪುಟ್ಟ ಕಾರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಕಾರಿನ ವಿನ್ಯಾಸ, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್‌ಗ್ಲಾಸ್. ಅದಕ್ಕೂ ಮೊದಲು ಇವರದೇ ಬಾದಲ್ ಅನ್ನೋ ಮೂರು ಚಕ್ರದ ಕಾರೂ ಬಂದಿತ್ತು. ಡಾಲ್ಫಿನ್ ಹಗುರವಾದ್ದರಿಂದ ಓಟದಲ್ಲಿ ಚುರುಕು. ಮದರಾಸಿನ ಹತ್ತಿರದ ಶೋಳಾವರಂ ರೇಸುಗಳಲ್ಲೂ ರ‍್ಯಾಲಿಗಳಲ್ಲೂ ಓಡಿದ್ದುಂಟು. ಅಪ್ಪ ಸೆಕೆಂಡ್ ಹ್ಯಾಂಡ್ ಡಾಲ್ಫಿನ್ ಕೊಂಡಾಗ ಇದನ್ನೆಲ್ಲ ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆದರೆ 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತ್ತಲ್ಲ, ಊರಿಗೆಲ್ಲ ಅದೇ ಗುಂಗು. ನನ್ನ ಗೆಳತಿಯರು ನಮ್ಮ ಕಾರಿನ ಬಾನೆಟ್ಟಿಗೆ ಬೆರಳಿನಿಂದ ಟಕ್ ಟಕ್ ಅಂತ ತಟ್ಟಿ, "ಪ್ಲಾಸ್ಟಿಕ್ ಬಕೆಟ್ ಕಣೇ!" ಅಂತ ನಗೋರು. ನನಗೋ ಅವಮಾನ. "ಸ್ಕೂಲ್ ಗೇಟ್ ತನಕ ಬರ್ಬೇಡಿ ಅಪ್ಪಾ, ತಿರುವಿನಲ್ಲೇ ಇಳಿಸಿ" ಅನ್ನುತ್ತಿದ್ದೆ. ಆಮೇಲೆ ಮಾರುತೀನೇ ಬೇಕು ಅಂತ ಎರಡು ದಿನ ಊಟ ಬಿಟ್ಟೆ.

ಅಪ್ಪ ಕೊಟ್ಟೇಬಿಟ್ಟರು. ಕೊಡೋ ದಿನ ಬೆಳಿಗ್ಗೆ ತಾವೇ ತೊಳೆದು, ಒರೆಸಿ, ಕುಂಕುಮ ಇಟ್ಟರು. ನಾನು ಹೊರಗೆ ಬಂದು ನೋಡಲೂ ಇಲ್ಲ.

ಮಾರುತಿಯ ಅಬ್ಬರದಲ್ಲಿ ಡಾಲ್ಫಿನ್ ಕೆಲವೇ ವರ್ಷಗಳಲ್ಲಿ ಮರೆಯಾಯಿತು. 1990ರ ದಶಕದ ಕೊನೆಗೆ ಬೆಂಗಳೂರಿನದೇ ಸ್ಯಾನ್ ಮೋಟಾರ್ಸ್, ರೆನೋ ಎಂಜಿನ್ ಇಟ್ಟು ಸ್ಯಾನ್ ಸ್ಟಾರ್ಮ್ ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ತಂದಿತು. ಅದರ ಮೈಯೂ ಫೈಬರ್. ಅದೂ ಉಳಿಯಲಿಲ್ಲ. ನಮ್ಮೂರಲ್ಲೇ ಹುಟ್ಟಿದ್ದನ್ನು ಕಂಡು ನಕ್ಕವರಲ್ಲಿ ನಾನೊಬ್ಬಳೇ ಅಲ್ಲ ಅನ್ನೋದು ಸಮಾಧಾನವೇನಲ್ಲ.

"ಅವತ್ತು ನಾನು ಹಠ ಮಾಡ್ಬಾರ್ದಿತ್ತು ಅಪ್ಪಾ" ಅಂದೆ, ಇಷ್ಟು ವರ್ಷಗಳ ಮೇಲೆ.

"ಬಿಡಮ್ಮ, ಚಿಕ್ಕೋಳು ನೀನು. ಬೇಡ ಅನ್ನಕ್ಕೆ ನಂಗೇ ಬಾಯಿ ಬರ್ಲಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಫೈಬರ್ ಅಲ್ವಾ, ತುಕ್ಕು ಹಿಡಿಯಲ್ಲ. ಎಲ್ಲೋ ಇರುತ್ತೆ" ಅಂದರು.

ನಿಮ್ಮ ಬೀದಿಯ ಯಾವುದಾದರೂ ಶೆಡ್ಡಿನಲ್ಲಿ ಅಂಥದ್ದೊಂದು ಕಂಡರೆ ಮೆಲ್ಲಗೆ ಮೈ ಸವರಿ ಬನ್ನಿ. ಟಕ್ ಟಕ್ ಅಂತ ಮಾತ್ರ ತಟ್ಟಬೇಡಿ.