ಇಪ್ಪತ್ತೆಂಟು ದಿನಗಳ ಹಣ

ವಿದೇಶದ ವಿಶ್ವವಿದ್ಯಾಲಯಗಳಿಗೆ ಹೋಗಬಯಸುವ ನಮ್ಮ ಮಕ್ಕಳ ಬಾಯಲ್ಲಿ ಇತ್ತೀಚೆಗೆ ‘ಫೌಂಡೇಶನ್’ ಎಂಬ ಒಂದು ವರ್ಷದ ತರಗತಿಯ ಮಾತು ಪದೇ ಪದೇ ಕೇಳಿಬರುತ್ತಿದೆ. ಮದುವೆಯ ಪಂಕ್ತಿಯಲ್ಲಿ, ಪಂಚಕಲ್ಯಾಣ ಮಹೋತ್ಸವದ ಚಪ್ಪರದಲ್ಲಿ, ಅಷ್ಟೇಕೆ, ಬಸದಿಯ ಜಗಲಿಯ ಮೇಲೆ ಕುಳಿತವರಲ್ಲಿಯೂ ಇದರ ಚರ್ಚೆ ನಡೆಯುವುದನ್ನು ನಾನು ಕೇಳಿದ್ದೇನೆ. ಹಿಂದೆ ಇಂಜಿನಿಯರಿಂಗ್ ಪದವಿ ಮುಗಿಸಿದವರು ಮಾತ್ರ ಉನ್ನತ ವ್ಯಾಸಂಗಕ್ಕೆಂದು ಸಮುದ್ರ ದಾಟುತ್ತಿದ್ದರು. ಈಗ ಪಿಯುಸಿ ಮುಗಿಸಿದ ಹದಿನೆಂಟರ ಹುಡುಗರೇ ಹೊರಟು ನಿಲ್ಲುತ್ತಾರೆ. ಈ ತರಗತಿಯ ಸ್ವರೂಪವೇನು, ಅದಕ್ಕೆ ಹಣ ಹೊಂದಿಸುವಾಗ ಗೃಹಸ್ಥನಿಗೆ ಒದಗುವ ಧರ್ಮಸಂಕಟವೇನು ಎಂಬ ಬಗೆಗೆ ನನ್ನ ಅನುಭವಕ್ಕೆ ಬಂದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡಬೇಕೆನಿಸಿದೆ. ನಾನು ಶಿಕ್ಷಣತಜ್ಞನಲ್ಲ, ನಲವತ್ತು ವರ್ಷ ಕಾಳುಕಡಿಯ ವ್ಯಾಪಾರ ಮಾಡಿದವನು. ಆದುದರಿಂದ ನನ್ನ ದೃಷ್ಟಿ ಸಹಜವಾಗಿಯೇ ಲೆಕ್ಕದ ಕಡೆಗೆ ಹರಿಯುತ್ತದೆ.

ಇಂಗ್ಲೆಂಡಿನ ವಿದ್ಯಾರ್ಥಿ ಹದಿನಾರನೆಯ ವಯಸ್ಸಿಗೆ ಒಂದು ಸಾರ್ವತ್ರಿಕ ಪರೀಕ್ಷೆ ಮುಗಿಸಿ, ಬಳಿಕ ಎರಡು ವರ್ಷ ಮೂರು ನಾಲ್ಕು ವಿಷಯಗಳನ್ನಷ್ಟೇ ಆಳವಾಗಿ ಓದುತ್ತಾನೆ. ಇದಕ್ಕೆ ‘ಎ ಲೆವೆಲ್’ ಎಂದು ಹೆಸರು. ಅವನ ಶಾಲಾಭ್ಯಾಸ ಹದಿಮೂರು ವರ್ಷ, ನಮ್ಮದು ಹನ್ನೆರಡು. ಅಲ್ಲಿಯ ಪದವಿ ಸಾಮಾನ್ಯವಾಗಿ ಮೂರೇ ವರ್ಷದ್ದಾದುದರಿಂದ ಮೊದಲ ದಿನದಿಂದಲೇ ಪಾಠವು ಮೇಲಿನ ಮಟ್ಟದಲ್ಲಿ ಸಾಗುತ್ತದೆ. (ಸ್ಕಾಟ್ಲೆಂಡಿನಲ್ಲಿ ಪದವಿಗೆ ನಾಲ್ಕು ವರ್ಷ, ಅಲ್ಲಿಯ ಲೆಕ್ಕವೇ ಬೇರೆ.) ಈ ಅಂತರವನ್ನು ತುಂಬಲೆಂದು ಹುಟ್ಟಿದುದೇ ಫೌಂಡೇಶನ್ ತರಗತಿ. ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ಕ್ರಮ, ಗಣಿತ, ಮುಂದೆ ಓದಲಿರುವ ವಿಷಯದ ಮೂಲಪಾಠ, ಇವು ಅದರ ಹೂರಣ. ಹನ್ನೆರಡನೆಯ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದ ಭಾರತೀಯ ವಿದ್ಯಾರ್ಥಿಗಳನ್ನು ನೇರವಾಗಿ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಅಲ್ಲಿ ಅನೇಕ ಇವೆ. ಆದರೆ ಕೇಂದ್ರೀಯ ಮಂಡಳಿಯ ಅಂಕಗಳಿಗೆ ಕೊಡುವ ಬೆಲೆಯನ್ನು ರಾಜ್ಯ ಮಂಡಳಿಗಳ ಅಂಕಗಳಿಗೆ ಎಲ್ಲರೂ ಕೊಡುವುದಿಲ್ಲ. ಹೀಗಾಗಿ ನಮ್ಮ ಊರಿನ ಕಾಲೇಜಿನಲ್ಲಿ ಓದಿದ ಸಾಧಾರಣ ವಿದ್ಯಾರ್ಥಿಗೆ ಈ ಬಾಗಿಲು ತೋರಿಸಲಾಗುತ್ತದೆ.

ಬಾಗಿಲೇನೋ ನಿಜವಾದದ್ದೇ. ಆದರೆ ಅದರ ಮೇಲೆ ಬರೆದಿರುವುದನ್ನು ಪೂರ್ತಿ ಓದಬೇಕು. ಅನೇಕ ಕಡೆ ಈ ತರಗತಿಯನ್ನು ವಿಶ್ವವಿದ್ಯಾಲಯದ ಹೆಸರಿನಲ್ಲಿ ನಡೆಸುವುದು ಖಾಸಗಿ ಕಂಪನಿ. ನಿರ್ದಿಷ್ಟ ಅಂಕಗಳನ್ನೂ ಇಂಗ್ಲಿಷಿನಲ್ಲಿ ನಿರ್ದಿಷ್ಟ ಮಟ್ಟವನ್ನೂ ಮುಟ್ಟಿದರೆ ಮಾತ್ರ ಪದವಿಗೆ ಪ್ರವೇಶ. ಮುಟ್ಟದಿದ್ದರೆ ಆ ವರ್ಷದ ಪ್ರಮಾಣಪತ್ರವನ್ನು ಮತ್ತೊಂದು ವಿಶ್ವವಿದ್ಯಾಲಯ ಮಾನ್ಯ ಮಾಡೀತೆಂಬ ಭರವಸೆಯಿಲ್ಲ. ‘ಪ್ರವೇಶ ಖಾತ್ರಿ’ ಎಂದು ಮಧ್ಯವರ್ತಿಗಳು ಹೇಳುವಾಗ ಈ ‘ಆದರೆ’ ಎಂಬ ಮಾತು ಗಂಟಲಲ್ಲೇ ಉಳಿಯುವುದುಂಟು. ಅವರ ಸಲಹೆಗೆ ಶುಲ್ಕವಿಲ್ಲವೆಂದು ತಂದೆತಾಯಿಗಳು ಸಂತೋಷಪಡುತ್ತಾರೆ. ಹುಡುಗ ಕಟ್ಟುವ ಶುಲ್ಕದಲ್ಲಿಯೇ ಒಂದು ಪಾಲು ಕಮಿಷನ್ನಿನ ರೂಪದಲ್ಲಿ ಅವರಿಗೆ ಸಲ್ಲುತ್ತದೆ. ದಲಾಲಿ ತಪ್ಪೆಂದು ನಾನು ಹೇಳಲಾರೆ, ನಾನೂ ಅಡತಿಯಿಂದಲೇ ಬದುಕಿದವನು. ಆದರೆ ಅಡತಿ ಅಂಗಡಿಯಲ್ಲಿ ರೈತನ ಕೈಗೆ ಕೊಡುವ ಲೆಕ್ಕಪಟ್ಟಿಯಲ್ಲಿ ತೂಕ, ದರ, ಹಮಾಲಿ ಎಲ್ಲವೂ ಬರೆದಿರುತ್ತವೆ. ಇಲ್ಲಿ ಅಂತಹ ಪಟ್ಟಿಯನ್ನು ಕೇಳಿ ಪಡೆದವರನ್ನು ನಾನು ಕಂಡಿಲ್ಲ.

2025ರ ಮೇ ತಿಂಗಳಿನಲ್ಲಿ ನನ್ನ ಸೋದರಳಿಯ ಅಂಗಡಿಗೆ ಬಂದ. ಅವನ ಮಗ ಆ ವರ್ಷ ದ್ವಿತೀಯ ಪಿಯುಸಿಯಲ್ಲಿ ವಾಣಿಜ್ಯ ವಿಭಾಗದಿಂದ ತೇರ್ಗಡೆಯಾಗಿದ್ದ. ಲಂಡನ್ನಿನಿಂದ ಹೊರಗಿನ ಒಂದು ನಗರದಲ್ಲಿ ಫೌಂಡೇಶನ್ ತರಗತಿಗೆ ಸ್ಥಾನ ಸಿಕ್ಕಿತ್ತು. ಶುಲ್ಕವು 20 ಸಾವಿರ ಪೌಂಡಿನ ಸಮೀಪ. ಅದರ ಒಂದು ಭಾಗವನ್ನು ಮುಂಗಡವಾಗಿ ಕಟ್ಟಿಯೂ ಆಗಿತ್ತು. ಉಳಿದ ಶುಲ್ಕ ಮತ್ತು ಒಂಬತ್ತು ತಿಂಗಳ ಜೀವನವೆಚ್ಚ ತನ್ನ ಬಳಿ ಇದೆಯೆಂದು ವಿದ್ಯಾರ್ಥಿ ವೀಸಾ ಕಚೇರಿಗೆ ತೋರಿಸಬೇಕು. ಆಗಿನ ನಿಯಮದಂತೆ ಲಂಡನ್ನಿನ ಹೊರಗೆ ತಿಂಗಳಿಗೆ 1,136 ಪೌಂಡು, ಒಟ್ಟು 10,224. ನಮ್ಮ ಹಣದಲ್ಲಿ ಹೆಚ್ಚುಕಡಿಮೆ 12 ಲಕ್ಷ. ಈ ಹಣ ಸತತವಾಗಿ 28 ದಿನ ಖಾತೆಯಲ್ಲಿರಬೇಕು. ಖಾತೆಯು ವಿದ್ಯಾರ್ಥಿಯದೋ ಅವನ ತಂದೆತಾಯಿಗಳದೋ ಕಾನೂನಿನ ಪ್ರಕಾರ ಪಾಲಕರಾದವರದೋ ಆಗಿರಬೇಕು. ಅಜ್ಜನ, ಮಾವನ ಖಾತೆ ನಡೆಯದು. ಆದುದರಿಂದಲೇ ನನ್ನಲ್ಲಿಗೆ ಬಂದದ್ದು.

“ಮಾಮಾ, ಇಪ್ಪತ್ತೆಂಟ ದಿನದ ಮಾತು. 25 ಲಕ್ಷ ನನ್ನ ಖಾತೆಗೆ ಹಾಕ್ರಿ. ವೀಸಾ ಬಂದ ಮರುದಿನ ತಿರುಗಿ ಹಾಕ್ತೀನಿ, ಬಡ್ಡಿ ಬೇಕಾದ್ರ ಹಿಡ್ಕೋರಿ” ಎಂದ. ಆ ಹಣ ನನ್ನಲ್ಲಿತ್ತು. ಅವನು ಹಿಂತಿರುಗಿಸುತ್ತಾನೆಂಬ ವಿಷಯದಲ್ಲಿಯೂ ಸಂದೇಹವಿರಲಿಲ್ಲ. ಹೀಗೆ ಹಣ ‘ತೋರಿಸಲು’ ಕೊಡುವುದು ಈಗ ನಮ್ಮ ವರ್ತಕರಲ್ಲಿ ಉಪಕಾರವೆಂದೇ ಎಣಿಕೆಯಾಗಿದೆ. ದಿನಕ್ಕಿಷ್ಟು ಎಂದು ದರ ಹಿಡಿದು ಕೊಡುವವರೂ ಇದ್ದಾರೆ.

ನಾನು ಎರಡು ದಿನ ಸಮಯ ಕೇಳಿದೆ. ಅವನ ವಾದ ಹುರುಳಿಲ್ಲದ್ದೇನೂ ಅಲ್ಲ. ಬ್ಯಾಂಕಿನ ಪತ್ರದಲ್ಲಿ ಒಂದು ಅಂಕೆಯೂ ಸುಳ್ಳಾಗಿರುವುದಿಲ್ಲ. ಯಾರ ಸಹಿಯನ್ನೂ ನಕಲು ಮಾಡಿಲ್ಲ. ಹಣವು ವಾಸ್ತವವಾಗಿಯೇ ಖಾತೆಯಲ್ಲಿರುತ್ತದೆ. ಹಾಗಾದರೆ ದೋಷವೆಲ್ಲಿ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅದನ್ನು ಖೊಟ್ಟಿ ಕಾಗದ ಎಂದಷ್ಟೇ ಅರ್ಥ ಮಾಡಿದರೆ ನನ್ನ ಸೋದರಳಿಯ ನಿರ್ದೋಷಿ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಬರೆಯುವವನ ಉದ್ದೇಶ ವಂಚನೆಯೇ ಎಂಬುದನ್ನು ಸೇರಿಸಿಯೇ ಹೇಳಿದ್ದಾರೆ. ನಾನು ಬಿ.ಕಾಂ. ಓದುವಾಗ ಲೆಕ್ಕಪರಿಶೋಧನೆಯ ಪಾಠದಲ್ಲಿ ‘ವಿಂಡೋ ಡ್ರೆಸ್ಸಿಂಗ್’ ಎಂಬ ಶಬ್ದ ಬರುತ್ತಿತ್ತು. ಮಾರ್ಚ್ 31ರಂದು ಸಾಲ ತಂದು ರೊಕ್ಕದ ಶಿಲ್ಕು ಬೆಳೆಸಿ ತೋರಿಸಿ, ಏಪ್ರಿಲ್ ಮೊದಲ ವಾರ ತಿರುಗಿ ಕೊಟ್ಟುಬಿಡುವುದು. ಅಲ್ಲಿಯೂ ಪ್ರತಿಯೊಂದು ಅಂಕೆ ಸರಿಯಾಗಿರುತ್ತದೆ. ಆ ತಖ್ತೆಯನ್ನು ನಂಬಿ ಸರಕು ಕೊಟ್ಟವನು ಮುಳುಗುತ್ತಾನೆ.

ಇಲ್ಲಿ ನಂಬಿ ಮುಳುಗುವವನು ಯಾರು? ಬ್ರಿಟನ್ನಿನ ಸರಕಾರಕ್ಕೆ ಇದರಿಂದ ಅಂತಹ ನಷ್ಟವೇನಿಲ್ಲ ಎಂದು ಮೊದಲು ನನಗೂ ತೋರಿತು. ಕಾಗದ ಪೆನ್ನು ಹಿಡಿದು ಕುಳಿತ ಮೇಲೆ ಹುಡುಗನ ಮುಖ ಕಾಣತೊಡಗಿತು. ಊಟ ವಸತಿಯ ಖರ್ಚನ್ನು ಹುಡುಗ ಅಲ್ಲಿಯೇ ದುಡಿದುಕೊಳ್ಳುತ್ತಾನೆ ಎಂಬುದು ನನ್ನ ಸೋದರಳಿಯನ ಯೋಜನೆ. ಪದವಿ ವಿದ್ಯಾರ್ಥಿಗೆ ಅಲ್ಲಿ ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆ ದುಡಿಯಲು ಅನುಮತಿ ಇರುವುದನ್ನು ಅವನು ಕೇಳಿದ್ದ. ಫೌಂಡೇಶನ್ ತರಗತಿಯು ಪದವಿಗಿಂತ ಕೆಳಗಿನದು. ಅದರ ವಿದ್ಯಾರ್ಥಿಗೆ 10 ಗಂಟೆ ಮಾತ್ರ. ಕೆಲವು ಖಾಸಗಿ ಸಂಸ್ಥೆಗಳಲ್ಲಿ ಅದೂ ಇಲ್ಲ. 18ರಿಂದ 20ರ ವಯಸ್ಸಿನವರಿಗೆ ಆಗಿನ ಕನಿಷ್ಠ ಕೂಲಿ ಗಂಟೆಗೆ 10 ಪೌಂಡು. ವಾರಕ್ಕೆ 100, ತಿಂಗಳಿಗೆ 430ರ ಆಸುಪಾಸು. ಅದೂ ಮೊದಲ ವಾರದಿಂದಲೇ ಕೆಲಸ ಸಿಕ್ಕರೆ. ಸರಕಾರ ತಾನೇ ಲೆಕ್ಕ ಹಾಕಿರುವ ಖರ್ಚು 1,136. ಪ್ರತಿ ತಿಂಗಳ 700 ಪೌಂಡಿನ ಕೊರತೆಯನ್ನು ಹದಿನೆಂಟರ ಹುಡುಗ ಹೇಗೆ ತುಂಬುತ್ತಾನೆ? ನಿಯಮ ಮೀರಿ ದುಡಿದರೆ ವೀಸಾ ರದ್ದಾಗುವ ಭಯ; ದುಡಿಯದಿದ್ದರೆ ಒಂದು ಹೊತ್ತಿನ ಊಟ. ಇದರ ನಡುವೆ ಪರೀಕ್ಷೆಯಲ್ಲಿ ಬೇಕಾದ ಅಂಕಗಳನ್ನೂ ತರಬೇಕು. 28 ದಿನಗಳ ನಿಯಮದ ಉದ್ದೇಶ ಇಂತಹ ಹುಡುಗನನ್ನು ಹೊರಡುವ ಮುನ್ನವೇ ತಡೆಯುವುದು. ನಾನು ಹಣ ಹಾಕಿದ್ದರೆ ಆ ತಡೆಯನ್ನು ನನ್ನ ಕೈಯಾರೆ ಸರಿಸಿದಂತಾಗುತ್ತಿತ್ತು.

ಇದೇ ಪ್ರಶ್ನೆಯನ್ನು ಜರ್ಮನಿಯವರು ಬೇರೊಂದು ವಿಧದಿಂದ ಬಗೆಹರಿಸಿದ್ದಾರೆ. ಅಲ್ಲಿಯ ಪೂರ್ವಸಿದ್ಧತಾ ಕಾಲೇಜಿಗೆ ‘ಸ್ಟೂಡಿಯೆನ್‌ಕೊಲೆಗ್’ ಎಂದು ಹೆಸರು. ಎರಡು ಸೆಮಿಸ್ಟರಿನ ಅಭ್ಯಾಸ. ವಾಣಿಜ್ಯ, ಅರ್ಥಶಾಸ್ತ್ರದವರಿಗೆ ‘ಡಬ್ಲ್ಯು’ ತರಗತಿ, ತಾಂತ್ರಿಕ ವಿಷಯಗಳವರಿಗೆ ‘ಟಿ’. ಸರಕಾರಿ ಕಾಲೇಜಾದರೆ ಬಹುಮಟ್ಟಿಗೆ ಬೋಧನಾಶುಲ್ಕವಿಲ್ಲ. ಕೊನೆಯ ಪರೀಕ್ಷೆಯಲ್ಲಿ ನಪಾಸಾದರೆ ಒಮ್ಮೆ ಮಾತ್ರ ಮತ್ತೆ ಕೂರಬಹುದು. ಅಲ್ಲಿಯೂ ಹಣ ತೋರಿಸಬೇಕು. 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ ವರ್ಷಕ್ಕೆ 11,904 ಯೂರೊ. ಆದರೆ ಆ ಹಣ ಒಂದು ಪ್ರತ್ಯೇಕ ಖಾತೆಯಲ್ಲಿ ಬಂಧಿತವಾಗುತ್ತದೆ. ವಿದ್ಯಾರ್ಥಿ ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ಅವನ ಕೈಸೇರುತ್ತದೆ. ವೀಸಾ ಬಂದ ಮರುದಿನ ಮಾಮನಿಗೆ ಹಿಂತಿರುಗಿಸುವ ಮಾತೇ ಇಲ್ಲ. ವ್ಯಾಪಾರಿಯಾದ ನನಗೆ ಈ ಏರ್ಪಾಡು ಬಹಳ ಮೆಚ್ಚಿಗೆಯಾಯಿತು. ಹುಡುಗನಿಗೆ ಹೇಳಿಯೂ ನೋಡಿದೆ. ಒಳಸೇರುವ ಪರೀಕ್ಷೆಗೇ ಜರ್ಮನ್ ಭಾಷೆ ಚೆನ್ನಾಗಿ ಬರಬೇಕೆಂದು ತಿಳಿದಾಗ ಅವನು ಕೈಮುಗಿದ. ಅದೂ ಒಂದು ಪ್ರಾಮಾಣಿಕ ಉತ್ತರವೇ.

ಇಲ್ಲಿಯೇ ಬಿ.ಕಾಂ. ಸೇರಲಿ ಎಂಬ ನನ್ನ ಸೂಚನೆಗೆ ತಂದೆ ಮಗ ಇಬ್ಬರೂ ಒಪ್ಪಲಿಲ್ಲ. ಅವರ ಆಸೆಯನ್ನು ಕಿತ್ತುಹಾಕುವ ಅಧಿಕಾರ ನನಗಿಲ್ಲ. ಕೊನೆಗೆ, ತೋರಿಸುವ ಹಣ ಕೊಡುವುದಿಲ್ಲ, ಖರ್ಚು ಮಾಡುವ ಹಣಕ್ಕೆ ಬ್ಯಾಂಕಿನಿಂದ ವಿದ್ಯಾಸಾಲ ತೆಗೆಯುವುದಾದರೆ ಬೆನ್ನಿಗಿರುತ್ತೇನೆ ಎಂದೆ. ಮಾನ್ಯತೆಯುಳ್ಳ ಬ್ಯಾಂಕಿನ ವಿದ್ಯಾಸಾಲದ ಪತ್ರವನ್ನು ವೀಸಾ ಕಚೇರಿ ಒಪ್ಪುತ್ತದೆ. ಅದಕ್ಕೆ 28 ದಿನಗಳ ನಿಯಮ ಅನ್ವಯಿಸುವುದಿಲ್ಲ. ಇದನ್ನು ಮಧ್ಯವರ್ತಿ ಅವರಿಗೆ ಹೇಳಿರಲಿಲ್ಲ. ಏಳೂವರೆ ಲಕ್ಷಕ್ಕೆ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಮನೆಯ ಕಾಗದಪತ್ರಗಳಲ್ಲಿ ಹಿರಿಯರ ಕಾಲದ ಒಂದು ಹಿಸ್ಸೆ ಬಾಕಿಯಿತ್ತು. ಅದನ್ನು ಸರಿಪಡಿಸುವ ವೇಳೆಗೆ ಮಳೆಗಾಲವೆಲ್ಲ ಕಳೆಯಿತು.

ಸೆಪ್ಟೆಂಬರಿನ ತಂಡ ತಪ್ಪಿತು. ನವೆಂಬರಿನಲ್ಲಿ ತಿಂಗಳ ವೆಚ್ಚದ ಲೆಕ್ಕವನ್ನೂ 1,171 ಪೌಂಡಿಗೆ ಏರಿಸಿದರು. ಹುಡುಗ 2026ರ ಜನವರಿಯ ತಂಡದಲ್ಲಿ ಹೋದ. ತಡವಾಗಿ ಆರಂಭವಾಗುವ ಆ ತಂಡಕ್ಕೆ ಪಾಠಗಳನ್ನು ಒತ್ತಿ ಒತ್ತಿ ಮುಗಿಸುತ್ತಾರಂತೆ. ಶನಿವಾರ, ಭಾನುವಾರ ಒಂದು ಅಂಗಡಿಯಲ್ಲಿ ಐದೈದು ಗಂಟೆ ಕೆಲಸ ಮಾಡುತ್ತಾನೆ. ಅನ್ನ ಸಾರನ್ನು ತಾನೇ ಮಾಡಿಕೊಳ್ಳುತ್ತಾನೆ. ಆಲೂಗಡ್ಡೆ, ಈರುಳ್ಳಿ ಇಲ್ಲದ ಪದಾರ್ಥ ಅಲ್ಲಿಯ ಊಟದ ಮನೆಯಲ್ಲಿ ಸಿಗುವುದು ಕಷ್ಟವೆಂದು ಬರೆದಿದ್ದ.

ನನ್ನ ಸೋದರಳಿಯ ಈಗಲೂ ಸಿಕ್ಕಾಗ, “ಇಪ್ಪತ್ತೆಂಟ ದಿನದಾಗ ಮುಗಿಯೂ ಕೆಲಸಕ್ಕ ಹತ್ತು ವರ್ಷದ ಬಡ್ಡಿ ಹಚ್ಚಿದ್ರಿ ಮಾಮಾ” ಎನ್ನುತ್ತಾನೆ. ನಗುತ್ತಲೇ ಹೇಳಿದರೂ ಅದು ಪೂರ್ತಿ ನಗೆಯ ಮಾತಲ್ಲವೆಂದು ನಾನು ಬಲ್ಲೆ. ಅವನ ಮನೆ ಒತ್ತೆಯಲ್ಲಿದೆ. ನಾಳೆ ಮಗನಿಗೆ ಬೇಕಾದ ಅಂಕಗಳು ಬರದಿದ್ದರೆ ಸಾಲ ಉಳಿಯುತ್ತದೆ, ಪದವಿ ಇರುವುದಿಲ್ಲ. ಫೌಂಡೇಶನ್ ವರ್ಷಕ್ಕೆ ತಗಲುವ ಬಡ್ಡಿಯನ್ನು ನಾನು ವಹಿಸಿಕೊಂಡಿದ್ದೇನೆ. ಪ್ರತಿ ತಿಂಗಳ ಐದನೆಯ ತಾರೀಖಿಗೆ ಅದು ನನ್ನ ಖಾತೆಯಿಂದ ಹೋಗುತ್ತದೆ.